ರೆಕಾರ್ಡು ಕೋಣೆಗೆ ಬಣ್ಣ ಹಚ್ಚಿದ್ದು

ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ರೆಕಾರ್ಡು ಕೋಣೆಯ ಗುಮಾಸ್ತನಾಗಿದ್ದಾಗ ನನಗೆ ಬೇಕಾಗಿದ್ದದ್ದು ಒಂದೇ: ಸೊರಬಕ್ಕೆ ವರ್ಗ. ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಸೊರಬದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಶನಿವಾರ ಬಸ್ಸು ಸಿಕ್ಕರೆ ನಾನು ಗಂಡ, ಸಿಗದಿದ್ದರೆ ಬ್ರಹ್ಮಚಾರಿ. ನಮ್ಮ ಕಚೇರಿಯವರ ಲೆಕ್ಕದಲ್ಲಿ ಸೊರಬವೆಂದರೆ ಮಳೆ, ಜ್ವರ, ತಪ್ಪು ಮಾಡಿದವರನ್ನು ಎಸೆಯುವ ಜಾಗ. ಕೈಮುಗಿದು ಕೇಳಿ ಹೋಗಬಯಸಿದವನು ನಾನೊಬ್ಬನೇ.

ಅರ್ಜಿ ಹಿಡಿದು ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರರ ಮುಂದೆ ನಿಂತೆ. ಅವರು ಮೈಸೂರು ಕಡೆಯವರು, ಇಸ್ತ್ರಿ ಮುರಿಯದ ಬಿಳಿ ಕೋಟಿನವರು. ಅರ್ಜಿಯನ್ನು ಓದಲೂ ಇಲ್ಲ; ನನ್ನ ಸೊರಬದ ಹುಚ್ಚು ಇಡೀ ಕಚೇರಿಗೆ ಗೊತ್ತಿತ್ತು.

"ಮಳೆಗಾಲದಲ್ಲಿ ಕಮಿಷನರು ಜಮಾಬಂದಿಗೆ ಬರ್ತಾರೆ ಕಣಯ್ಯ. ಹೋದ ಸಲ ಒಂದು ಕಾಗದ ಕೇಳಿದ್ರು. ಅವರು ಊಟ ಮಾಡಿ, ನಿದ್ದೆ ಮಾಡಿ ಎದ್ರೂ ನಮಗದು ಸಿಗಲಿಲ್ಲ. ಆ ಕೋಣೇನ ಒಂದು ಹದಕ್ಕೆ ತಾ. ಆಮೇಲೆ ನಿನ್ನ ಸೊರಬ ನನಗಿರಲಿ."

ಜಮಾಬಂದಿಯೆಂದರೆ ವರ್ಷಕ್ಕೊಮ್ಮೆ ಮೇಲಿನವರು ಬಂದು ಕಂದಾಯದ ಕಾಗದಗಳನ್ನೆಲ್ಲ ತಿರುವಿಹಾಕುವ ಹಬ್ಬ. ನಮ್ಮ ಕೋಣೆಯಲ್ಲೋ, ಕಾಗದವೆಲ್ಲ ಬಿಳಿ ಬಟ್ಟೆಯ ಗಂಟು. ಒಬ್ಬ ಗುಮಾಸ್ತ ಊರಿನ ಪ್ರಕಾರ ಇಟ್ಟಿದ್ದ, ಇನ್ನೊಬ್ಬ ವರ್ಷದ ಪ್ರಕಾರ. ನನಗಿಂತ ಹಿಂದಿನವನು ಗಂಟಿನ ಗಾತ್ರ ನೋಡಿ ದೊಡ್ಡದು ಕೆಳಗೆ, ಸಣ್ಣದು ಮೇಲೆ ಜೋಡಿಸಿದ್ದ. ನೋಡುವುದಕ್ಕೆ ಚೆಂದವಿತ್ತು.

ನನಗೊಂದು ಉಪಾಯ ಹೊಳೆಯಿತು. ಜಮೀನಿನ ಕಾಗದಕ್ಕೆ ಹಸಿರು ಬಟ್ಟೆ, ಕೆರೆ ಕಾಲುವೆಗೆ ನೀಲಿ, ಗುಡಿ ಮಸೀದಿಗಳ ಇನಾಮಿಗೆ ಹಳದಿ, ತಕರಾರಿಗೆ ಕೆಂಪು. ಯಾವುದಕ್ಕೂ ಸೇರದ್ದು ಬಿಳಿ. ನಮ್ಮ ಶಿರಸ್ತೇದಾರರು, ಕಚೇರಿಯ ಹಿರಿಯ ಜೀವ, ಅಲ್ಲೇ ಹುಟ್ಟಿ ಬೆಳೆದವರು, ನಶ್ಯ ಏರಿಸಿ ಕೇಳಿದರು:

"ಬಂದಳಿಕೆ ಕುರಿಯೋರು ಕೆರಿಗೆ ಕುರಿ ಇಳಿಸಿದ್ರು. ಕುರಿ ಹೋಗಿ ಗುಡಿ ಗದ್ದಿ ಮೇದ್ವು. ಪೂಜಾರಿ ಅರ್ಜಿ ಕೊಟ್ಟ. ಈಗ ಹೇಳ್ರಿ, ಯಾವ ಬಣ್ಣ?"

"ತಕರಾರಲ್ರೀ? ಕೆಂಪು."

"ಆಮ್ಯಾಲೆ ರಾಜಿ ಆತು."

"ಹಂಗಾದ್ರೆ ಗುಡೀದು. ಹಳದಿ."

"ರಾಜಿ ಆಗಿದ್ದು ಕೆರಿ ನೀರು ಬಿಡೋ ಮಾತಿನ ಮ್ಯಾಲೆ."

ಅದನ್ನು ಬಿಳಿಗೆ ಹಾಕಿದೆ. ನಮ್ಮ ತಾಲ್ಲೂಕಿನಲ್ಲಿ ನೀರಿಲ್ಲದ ಜಮೀನಿಲ್ಲ, ದೇವರಿಲ್ಲದ ನೀರಿಲ್ಲ, ಜಗಳವಿಲ್ಲದ ದೇವರಿಲ್ಲ ಎಂಬುದು ಆಗ ತಿಳಿಯಿತು. ನೋಡನೋಡುತ್ತ ಅರ್ಧ ಕೋಣೆ ಮತ್ತೆ ಬಿಳಿಯಾಯಿತು. ಕೊನೆಗೆ ಒಂದು ನಿಯಮ ಮಾಡಿದೆ. ಕಾಗದ ಕೇಳಿಕೊಂಡು ಬಂದವನ ಬಾಯಿಂದ ಮೊದಲು ಯಾವ ಮಾತು ಬರುತ್ತದೋ ಅದೇ ಅದರ ಬಣ್ಣ. ಗುಡಿ ಎಂದರೆ ಹಳದಿ, ಕೆರೆ ಎಂದರೆ ನೀಲಿ. ಕುರಿಯವರ ಕಾಗದ ಮಾತ್ರ ಬಿಳಿಯಲ್ಲೇ ಉಳಿಯಿತು. ಅವರು ಬಂದರೆ ಮೊದಲ ಮಾತೂ ಕುರಿ, ಕೊನೆಯ ಮಾತೂ ಕುರಿ.

ಪೇಟೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಸಾಹೇಬರೊಬ್ಬರಿದ್ದರು. ಅವರು ಕಚೇರಿಗೆ ಬಂದು ಬಟ್ಟೆ ಮುಟ್ಟಿ ನೋಡಿ ಅಮಲ್ದಾರರಿಗೇ ಹೇಳಿದರು: "ಪಕ್ಕಾ ರಂಗು ಬೇಕಂದ್ರೆ ಟೈಮ್ ಕೊಡ್ರೀ ಸ್ವಾಮಿ. ಕುದಿಸಬೇಕು, ಬಿಸಿಲಿಗೆ ಹಾಕಬೇಕು. ಮೋಡ ಬ್ಯಾರೆ ಆಗೇತಿ."

"ಇದೇನು ಮದುವೆ ಸೀರೆಯೇನ್ರೀ? ಕಾಗದ ಕಟ್ಟೋ ಬಟ್ಟೆ. ಇದನ್ನ ಯಾರು ಒಗೀತಾರೆ? ಅದ್ದಿ ಕೊಡಿ," ಎಂದರು ಅಮಲ್ದಾರರು. ಸಾಹೇಬರು ಅದ್ದಿ ಕೊಟ್ಟರು.

ಗಂಟುಗಳೆಲ್ಲ ಬಣ್ಣ ಉಟ್ಟು ಕೂತ ದಿನ ಅಮಲ್ದಾರರು ಪರೀಕ್ಷೆಗೆಂದು ಬಳ್ಳಿಗಾವಿ ಕೆರೆಯ ಕಾಗದ ಕೇಳಿದರು. ಅವರ ಕಾಫಿ ಆರುವುದರೊಳಗೆ ತಂದಿಟ್ಟೆ. ಅವರಿಗೆ ಆನಂದವೋ ಆನಂದ. "ಭೇಷ್! ನಿನ್ನನ್ನ ಬಿಟ್ರೆ ಈ ಬಣ್ಣದ ಗುಟ್ಟು ಯಾರಿಗೆ ಗೊತ್ತಯ್ಯಾ? ಇನ್ನು ಸೊರಬ ಮರೆತುಬಿಡು," ಎಂದರು.

ಮಾಡಿದ್ದುಣ್ಣೋ ಮಹಾರಾಯ! ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಹೆಂಡತಿಗೆ ಏನು ಹೇಳುವುದೆಂದು ತಿಳಿಯದೆ ಆ ಶನಿವಾರ ಬಸ್ಸನ್ನೂ ಹತ್ತಲಿಲ್ಲ.

ಜಮಾಬಂದಿಯ ಹಿಂದಿನ ದಿನ ಮಳೆ ಹಿಡಿಯಿತು. ರೆಕಾರ್ಡು ಕೋಣೆಯ ಹೆಂಚು ಎಲ್ಲೆಲ್ಲಿ ಸೋರಬೇಕೋ ಅಲ್ಲೆಲ್ಲ ಸೋರಿತು. ಬೆಳಿಗ್ಗೆ ಕಮಿಷನರು ಕುರ್ಚಿಯಲ್ಲಿ ಕೂತು ಒಂದು ಕೆರೆಯ ಕಾಗದ ಕೇಳಿದರು. ನಾನು ತಂದ ಒದ್ದೆ ಗಂಟನ್ನು ಅಮಲ್ದಾರರೇ ಉತ್ಸಾಹದಿಂದ ಕಸಿದು ಬಿಚ್ಚಿಕೊಟ್ಟು, ಹಣೆಯ ಬೆವರು ಒರೆಸಿಕೊಂಡರು. ಹಣೆ ನೀಲಿಯಾಯಿತು. ಆಮೇಲೆ ಒಂದು ತಕರಾರು ಬಿಚ್ಚಿ ಮೂಗು ಉಜ್ಜಿದರು. ಜಮೀನಿನ ಗಂಟಿನ ಹೊತ್ತಿಗೆ ಮೀಸೆ ಹಸಿರಾಗಿ, ಬಿಳಿ ಕೋಟಿನ ಮೇಲೆ ಇಡೀ ತಾಲ್ಲೂಕು ಮೂಡಿತ್ತು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಕಮಿಷನರು ಕನ್ನಡಕ ತೆಗೆದು ನೋಡಿದರು. "ಏನ್ರೀ, ನಿಮ್ಮೂರಲ್ಲಿ ಹೋಳಿ ಈಗಲಾ?"

ಕಾಗದದ ಅಂಚಿಗೆ ಬಣ್ಣ ಹತ್ತಿತ್ತೇ ಹೊರತು ಅಕ್ಷರ ಅಳಿದಿರಲಿಲ್ಲ. ಅಮಲ್ದಾರರ ಮಾನ ಅಳಿದಿತ್ತು. ಕಮಿಷನರು ಊಟಕ್ಕೆ ಎದ್ದದ್ದೇ ಇವರು ಗುಡುಗಿದರು: "ನಿನ್ನನ್ನ ಸೊರಬಕ್ಕೆ ಒಗೀತೀನಿ! ಇವತ್ತೇ ಕಮಿಷನರ ಸಹಿ ಹಾಕಿಸ್ತೀನಿ!"

ನನ್ನ ಎದೆಯಲ್ಲಿ ಓಲಗ ಊದಿದಂತಾಯಿತು. ಮುಖ ಮಾತ್ರ ಸಾವಿನ ಮನೆಯಲ್ಲಿದ್ದವನಂತೆ ಇಟ್ಟುಕೊಂಡೆ. ಅಷ್ಟರಲ್ಲಿ ಶಿರಸ್ತೇದಾರರು ನಡುವೆ ಬಂದರು. ಹೆಂಡತಿ ಇಂದಲ್ಲ ನಾಳೆ ಸಿಗುತ್ತಾಳೆ, ಸರ್ವಿಸಿಗೆ ಹತ್ತಿದ ಕಲೆ ಹೋಗುವುದಿಲ್ಲ ಎಂಬುದು ಅವರ ಮತ.

"ಸ್ವಾಮಿ, ಸಣ್ಣ ವಯಸ್ಸು. ಹೊಟ್ಟಿಗೆ ಹಾಕ್ಕಳ್ರಿ. ಇದೊಂದು ಸಲ ಬಿಡ್ರಿ."

ನಾನು ಅವರ ಧೋತರ ಜಗ್ಗಿದೆ. ಅವರು ಇನ್ನೂ ಬೇಡಿಕೊಂಡರು. ಅಮಲ್ದಾರರ ಹಸಿರು ಮೀಸೆ ಸಡಿಲವಾಗತೊಡಗಿತು.

"ಸರಿ. ಇನ್ನು ಬಣ್ಣದ ಸುದ್ದಿ ಎತ್ತೋದಿಲ್ಲ ಅಂತ ಹೇಳಲಿ, ಬಿಡ್ತೀನಿ."

ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಕೈಕಟ್ಟಿ ವಿನಯದಿಂದ ಹೇಳಿದೆ:

"ಸ್ವಾಮಿ, ಕುರಿಗೆ ಅಂತ ಒಂದು ಬಣ್ಣ ಬೇಕೇ ಬೇಕು. ನೇರಳೆ ಆಗಬಹುದು."

ಸಂಜೆಯೊಳಗೆ ಆರ್ಡರು ಕೈಗೆ ಬಂತು.

ಸೊರಬದಲ್ಲಿ ಹೆಂಡತಿ ಬಾಡಿಗೆ ಕೋಣೆಯ ಬಾಗಿಲು ತೆಗೆದವಳು ಮೊದಲು ನೋಡಿದ್ದು ನನ್ನ ಕೈ. "ಏನ್ರೀ ಇದು?" ಎಂದಳು. ಅಂಗೈ ಚಾಚಿ, ಇದು ನೀರು, ಇದು ಜಮೀನು, ಇದು ಜಗಳ ಎಂದು ಎಲ್ಲ ಕತೆಯನ್ನೂ ಹೇಳಿದೆ. ಅವಳು ಅಂಗೈ ಹಿಡಿದು ಹುಡುಕಿದಳು.

"ಇದರಲ್ಲಿ ನಾನೆಲ್ಲಿದೀನಿ?"

"ನೀನು ನೇರಳೆ."

"ಕುರಿ ಜೊತೆಗಾ?" ಎಂದು ನಕ್ಕವಳು ನಗುತ್ತಲೇ ಕಣ್ಣೊರೆಸಿಕೊಂಡಳು. ಒಳಗೆ ಹೋಗಿ ತಟ್ಟೆ ಎರಡು ಹಾಕಿದಳು. ಅಂದು ಶನಿವಾರವಲ್ಲ, ಬರಿಯ ಮಂಗಳವಾರ.