ತ್ರಿಜ್ಯ ತಿದ್ದಿದ ಹುಡುಗಿಯರು

ಕಾಪುವಿನ ಒಂದು ಕನ್ನಡ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಮಣಿಪಾಲದ ಯಾವುದೋ ಕಚೇರಿ ಬೇಡವೆಂದು ಬಿಟ್ಟ ಒಂಬತ್ತು ಕಂಪ್ಯೂಟರುಗಳು ನಮಗೆ ಬಂದಿದ್ದವು. ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿ ಎರಡು ಭಾನುವಾರ ಬಂದು ಅವಕ್ಕೆಲ್ಲ ಹಳೆಯ ಯಂತ್ರಗಳನ್ನೂ ನಡೆಸುವ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿದಳು. ಜೊತೆಗೆ ರೇಖಾಗಣಿತದ ಒಂದು ಮುಕ್ತ ತಂತ್ರಾಂಶ. ಅದನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಿತ್ತು, ಮನೆಗೆ ಒಯ್ಯಬಹುದಿತ್ತು.

ಮರುವರ್ಷ ಶಾಲೆಯ ಸಂಚಾಲಕರು ಒಂದು ಕಂಪೆನಿಯ ಪಾಠದ ಪ್ಯಾಕೇಜ್ ಕೊಳ್ಳಲು ಹೊರಟರು. ಅದಕ್ಕೆ ಹೊಸ ಯಂತ್ರಗಳು ಬೇಕು, ಹಳೆಯವು ಗುಜರಿಗೆ ಎಂದಾಯಿತು. ನಾನು ಒಪ್ಪಲಿಲ್ಲ. ಕಂಪೆನಿಯ ಪ್ರತಿನಿಧಿ ಬಂದಿದ್ದ ಸಭೆಯಲ್ಲೇ ನಮ್ಮ ತಂತ್ರಾಂಶ ತೋರಿಸಿದೆ. ವೃತ್ತ ಎಳೆಯುವಾಗ ನೋಡುತ್ತೇನೆ, ಪರದೆಯಲ್ಲಿ 'ತ್ರಿಜ್ಯ' ಎಂದಿರಬೇಕಾದಲ್ಲಿ 'ವ್ಯಾಸ' ಎಂದಿದೆ. ಪ್ರತಿನಿಧಿಯ ಕಣ್ಣಿಗೂ ಅದು ಬಿತ್ತು.

ಸಂಚಾಲಕರು ನಕ್ಕರು. "ಬಿಟ್ಟಿ ಸಿಕ್ಕಿದ್ದು ಹೀಗೇ ಅಲ್ವಾ ಟೀಚರೇ? ಮಕ್ಕಳಿಗೆ ತಪ್ಪು ಕಲಿಸುವುದು ಎಂತಕ್ಕೆ?"

ನನಗೆ ಅವಮಾನವಾಯಿತು. ಮರುದಿನ ಒಂಬತ್ತನೆಯ ತರಗತಿಯಲ್ಲಿ ನಡೆದದ್ದನ್ನು ಹಾಗೆಯೇ ಹೇಳಿದೆ. ಮಲ್ಪೆಯಲ್ಲಿ ಮೀನು ಮಾರುವ ತಾಯಿಯ ಮಗಳೊಬ್ಬಳು ಎದ್ದು ನಿಂತಳು.

"ಅದನ್ನು ನಾವು ತಿದ್ದಲಿಕ್ಕೆ ಆಗುದಿಲ್ವಾ ಟೀಚರ್?"

ನನಗೆ ಗೊತ್ತಿರಲಿಲ್ಲ. ನಿಟ್ಟೆಯ ಹುಡುಗಿಗೆ ಫೋನ್ ಮಾಡಿದೆ. "ಆಗ್ತದೆ ಟೀಚರ್, ಅದರ ಕನ್ನಡ ಶಬ್ದಗಳ ಪಟ್ಟಿಯೇ ಉಂಟು, ಯಾರು ಬೇಕಾದ್ರೂ ತಿದ್ದಿ ಕಳಿಸಬಹುದು" ಎಂದು ದಾರಿ ತೋರಿಸಿದಳು.

ತರಗತಿಯಲ್ಲಿ ಪ್ರಶ್ನೆ ಕೇಳಿದ ಹುಡುಗಿ ಇನ್ನಿಬ್ಬರನ್ನು ಸೇರಿಸಿಕೊಂಡು ಒಂದು ವಾರ ಊಟದ ಬಿಡುವಿನಲ್ಲಿ ಪಟ್ಟಿಯನ್ನು ಪೂರ್ತಿ ಓದಿದಳು. ಹನ್ನೊಂದು ತಪ್ಪು ಸಿಕ್ಕಿದವು. ತಿದ್ದಿ ತಂತ್ರಾಂಶ ಮಾಡುವವರಿಗೆ ಕಳಿಸಿದೆವು. ಅವರಲ್ಲಿ ಎಲ್ಲಿಯವರೋ ಒಬ್ಬರು, ಪದ ಇದೇ ಎನ್ನುವುದಕ್ಕೆ ಆಧಾರವೇನು ಎಂದು ಕೇಳಿ ಬರೆದರು. ಹುಡುಗಿಯರು ಪಠ್ಯಪುಸ್ತಕದ ಪುಟದ ಫೋಟೋ ತೆಗೆದು ಕಳಿಸಿದರು. ಮುಂದಿನ ಆವೃತ್ತಿಯಲ್ಲಿ 'ತ್ರಿಜ್ಯ' ಬಂತು. ಆ ತಂತ್ರಾಂಶ ಬಳಸುವ ಎಲ್ಲ ಕನ್ನಡ ಶಾಲೆಗಳಿಗೂ ಬಂತು.

ಹೊಸ ಆವೃತ್ತಿಯನ್ನು ಪೆನ್ ಡ್ರೈವಿನಲ್ಲಿ ಹಿಡಿದುಕೊಂಡು ಸಂಚಾಲಕರ ಕೋಣೆಗೆ ಹೋಗಿ ತೋರಿಸಿದೆ. ಅವರ ಕಂಪ್ಯೂಟರಿನಲ್ಲೇ ಇದ್ದ ಕಂಪೆನಿಯ ಮಾದರಿ ಪಾಠವನ್ನೂ ತೆರೆದೆ. ಅದರಲ್ಲಿ ಸಮಾಂತರ ರೇಖೆಗೆ 'ಲಂಬ' ಎಂದಿತ್ತು.

"ಇದನ್ನು ತಿದ್ದಿಸಿ ಕೊಡಿ ಸರ್" ಎಂದೆ.

ಅವರು ಪ್ರತಿನಿಧಿಗೆ ಫೋನ್ ಹಚ್ಚಿದರು. "ಅದು ನಮ್ಮ ಕೈಯಲ್ಲಿಲ್ಲ ಸರ್, ಮೇಲಿನವರಿಗೆ ಹೇಳ್ತೇನೆ" ಎಂಬ ಉತ್ತರ ನನಗೂ ಕೇಳಿಸಿತು.

ಸಂಚಾಲಕರು ಫೋನ್ ಕೆಳಗಿಟ್ಟರು. "ನಿಮ್ಮದು ಭಾರೀ ಹಠ ಮಾರಾಯ್ರೆ."

"ಹೌದು ಸರ್. ಆ ಒಂಬತ್ತು ಕಂಪ್ಯೂಟರ್ ಎಲ್ಲಿಗೂ ಹೋಗುವುದಿಲ್ಲ."

ಪ್ಯಾಕೇಜ್ ಬಂತು, ಮಹಡಿಯ ಎರಡು ಕೋಣೆಗಳಿಗೆ. ಅದನ್ನು ತಡೆಯಲು ನನ್ನಿಂದಾಗಲಿಲ್ಲ. ಹಳೆಯ ಕಂಪ್ಯೂಟರುಗಳಿದ್ದ ಕೆಳಗಿನ ಕೋಣೆಗೆ ಮಾತ್ರ ಯಾರೂ ಕೈ ಹಾಕಲಿಲ್ಲ. ಕಾರ್ಕಳದ ಶಿಕ್ಷಕರ ತರಬೇತಿಗೆ ಹೋದಾಗಲೆಲ್ಲ ನಾನು ಪೆನ್ ಡ್ರೈವ್ ಒಯ್ದು ಕೇಳಿದವರಿಗೆಲ್ಲ ಆ ತಂತ್ರಾಂಶ ಹಂಚುತ್ತೇನೆ. ಒಮ್ಮೆ ಸಹೋದ್ಯೋಗಿಯೊಬ್ಬರು ಮೆಲ್ಲಗೆ ಹೇಳಿದರು, "ಸಂಚಾಲಕರಿಗೆ ನಿಮ್ಮ ಮೇಲೆ ಸಿಟ್ಟುಂಟು."

"ಇರಲಿ" ಎಂದೆ, ಆ ಸಹೋದ್ಯೋಗಿಯ ಲ್ಯಾಪ್‌ಟಾಪಿಗೂ ಹಾಕಿಕೊಟ್ಟೆ.