ಎರಡು ಟೈಲ್ ಪಕ್ಕಕ್ಕೆ, ಒಂದು ಮೇಲಕ್ಕೆ

ತಂಗಿಗೆ ತಪ್ಪು ಲೆಕ್ಕ ಹೇಳಿಕೊಟ್ಟವನು ನಾನು. ಅದು ತಪ್ಪೆಂದು ಗೊತ್ತಾದ ಮೇಲೂ ಬಾಯಿ ಬಿಡದೆ, ದಡ್ಡತನವನ್ನು ಅವಳ ತಲೆಗೇ ಕಟ್ಟಿದವನೂ ನಾನೇ. ಇಷ್ಟು ಹೇಳಲು ಅರ್ಧ ಆಯುಷ್ಯ ಬೇಕಾಯಿತು.

ಆಗ ನಾವು ಹೈದರಾಬಾದಿನ ಸನತ್‌ನಗರದಲ್ಲಿ ಒಂದೇ ಕೋಣೆಯಲ್ಲಿದ್ದೆವು — ಅವ್ವ, ನಾನು, ರೇಣುಕಾ. ಯಾದಗಿರಿ ಕಡೆಯಿಂದ ದುಡಿಯಲು ಬಂದವರು. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟು, ಊರ ಹೊರಗೆ ಏಳುತ್ತಿದ್ದ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳಿಗೆ ಟೈಲ್ಸ್ ಹಾಕುತ್ತಿದ್ದೆ. ಆ ಕಟ್ಟಡಗಳೊಳಗೆ ಕುರ್ಚಿಯ ಮೇಲೆ ಕೂರುವವಳು ರೇಣುಕಾ ಎಂದು ಅವ್ವ ಓಣಿಗೆಲ್ಲ ಹೇಳಿದ್ದಳು. ರೇಣುಕಾ ಪಾಲಿಟೆಕ್ನಿಕ್ ಪ್ರವೇಶ ಪರೀಕ್ಷೆಗೆಂದು ಟ್ಯೂಷನ್‌ಗೆ ಹೋಗುತ್ತಿದ್ದಳು.

ಒಂದು ಸಂಜೆ ಅವಳು ಒಂದೇ ಲೆಕ್ಕದ ಮುಂದೆ ಕೂತುಬಿಟ್ಟಿದ್ದಳು. y = 2x + 3 ಎಂಬ ಗೆರೆಗೆ ಲಂಬವಾಗಿ ನಿಲ್ಲುವ ಗೆರೆಯ ಸಮೀಕರಣ ಬರೆಯಬೇಕು.

"ಅಣ್ಣಾ, ಈ ಗೆರಿ ಸ್ಲೋಪ್ ಎರಡು. ಲಂಬದ್ದು ಮೈನಸ್ ಅರ್ಧ ಅಂತಾರ ಸರ್. ಅರ್ಧ ಯಾಕ ಆಗತೈತಿ?"

ಗೊತ್ತಿಲ್ಲ ಎನ್ನಬಹುದಿತ್ತು. ಸ್ಲೋಪ್ ಎಂದರೆ ಚೌಕದ ಹಾಳೆಯಲ್ಲಿ ಒಂದು ಮನೆ ಪಕ್ಕಕ್ಕೆ ಸರಿದಾಗ ಗೆರೆ ಎಷ್ಟು ಮನೆ ಏರುತ್ತದೆ ಎಂಬುದೆಂದು ಅವಳೇ ಹಿಂದೆ ಹೇಳಿದ್ದಳು — ನನಗೆ ಅಷ್ಟು ಸಾಕಾಯಿತು.

"ಅರ್ಧ ಎಲ್ಲಿಂದ ಬಂತಬೇ? ಇತ್ತಾಗ ಎಷ್ಟು ಏರತೈತೋ ಅತ್ತಾಗೂ ಅಷ್ಟ ಏರಬೇಕು. ಬರೇ ಮೈನಸ್ ಹಚ್ಚು. ಮೈನಸ್ ಎರಡು, ಮುಗೀತು. ದಿನಾ ಮೂಲಿ ಕೂಡಸಾಂವ ನಾನೋ, ನಿಮ್ಮ ಸರೋ?"

ಅವಳು ನಂಬಲಿಲ್ಲ. ನೆಲದ ಚೌಕ ಕಲ್ಲುಗಳ ಮೇಲೆ ಸೀಮೆಸುಣ್ಣದಿಂದ ಒಂದು ಕಲ್ಲಿನ ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ಪಕ್ಕದ ಕಲ್ಲಿನಲ್ಲಿ ಎದುರು ದಿಕ್ಕಿಗೆ ಇನ್ನೊಂದು. ಮೂಲೆ ನೋಡುವ ಕಬ್ಬಿಣದ ಮಟ್ಟ ಇಟ್ಟೆ. ಕೂದಲೆಳೆಯಷ್ಟೂ ಸಂದಿಲ್ಲ. ಟೈಲ್ಸ್ ಹಾಕುವವನ ಕೈಗೆ ಗೊತ್ತಿದ್ದ ಓರೆ ಗೆರೆ ಅದೊಂದೇ — ಒಂದು ಪಕ್ಕಕ್ಕೆ, ಒಂದು ಮೇಲಕ್ಕೆ. ಅಲ್ಲಿ ಮಾತ್ರ ನನ್ನ ಮಾತು ನಡೆಯುತ್ತದೆ ಎಂದು ನನಗೂ ತಿಳಿದಿರಲಿಲ್ಲ.

ಮರುದಿನ ಕೆಲಸದ ಜಾಗದಲ್ಲಿ, ಊಟದ ಹೊತ್ತಿಗೆ, ಯಾಕೋ ಅನುಮಾನ ಬಂತು. ಅವಳ ಲೆಕ್ಕದಲ್ಲಿದ್ದಂತೆಯೇ ಒಂದು ಟೈಲ್ ಪಕ್ಕಕ್ಕೆ, ಎರಡು ಮೇಲಕ್ಕೆ ಗೆರೆ ಎಳೆದೆ. ಎದುರು ದಿಕ್ಕಿಗೂ ಹಾಗೆಯೇ. ಎರಡೂ ಸೇರಿ ಅರೆತೆರೆದ ಕತ್ತರಿಯಂತೆ ಕಂಡವು. ಮಟ್ಟ ಕೂರಲೇ ಇಲ್ಲ. ಎರಡನೆಯದನ್ನಷ್ಟೇ ಅಳಿಸಿ, ಅದೇ ಎದುರು ದಿಕ್ಕಿಗೆ ಎರಡು ಪಕ್ಕಕ್ಕೆ, ಒಂದು ಮೇಲಕ್ಕೆ ಎಳೆದೆ. ಕೂತಿತು. ಅರ್ಧ — ಅವರ ಸರ್ ಹೇಳಿದ ಅರ್ಧ. ಕಾಲಿನಿಂದ ಒರೆಸಿಬಿಟ್ಟೆ.

ಸಂಜೆ ಮನೆಗೆ ಬಂದಾಗ ರೇಣುಕಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಟ್ಯೂಷನ್ನಿನ ಹಲಗೆಯ ಮೇಲೆ ಮೈನಸ್ ಎರಡು ಬರೆದಿದ್ದಳಂತೆ. ಸರ್ ತಿದ್ದಿದಾಗ, ನಮ್ಮಣ್ಣ ಮೂಲೆ ಕೂಡಿಸುವವನು, ಅವನಿಗೆ ಗೊತ್ತು ಎಂದು ವಾದಿಸಿದ್ದಳಂತೆ. ತರಗತಿಯೆಲ್ಲ ನಕ್ಕು, "ಮೇಸ್ತ್ರಿಗಾರೂ, ರಂಡಿ" — ಬನ್ನಿ ಮೇಸ್ತ್ರಿಯವರೇ — ಎಂದು ತೆಲುಗಿನಲ್ಲಿ ಕೈಮುಗಿದಿತ್ತು.

"ನೀ ಹೇಳಿದ್ದನ್ನ ನಾನ ತಪ್ಪ ತಿಳ್ಕೊಂಡಿರಬೇಕಣ್ಣಾ," ಎಂದಳು. "ನನ್ನ ತಲಿನ ಸರಿ ಇಲ್ಲ."

ಆಗ ನಾನು ಅಂದದ್ದು ಇಷ್ಟೇ — "ಇದ್ದೀತು."

ಅವಳು ಮತ್ತೆ ಟ್ಯೂಷನ್‌ಗೆ ಹೋಗಲಿಲ್ಲ. ಪರೀಕ್ಷೆಗೂ ಕೂರಲಿಲ್ಲ. ಅವ್ವ ಕೇಳಿದಾಗ, "ಒಲ್ಲೆ ಅಂದ್ರ ಬಿಡಬೇ" ಎಂದೆ. ಹಿಮಾಯತ್‌ನಗರದ ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ಮಡಚುವ ಕೆಲಸಕ್ಕೆ ಸೇರಿದಳು. ಯಾಕೆ ಮುಚ್ಚಿಟ್ಟೆ? ಮನೆಯಲ್ಲಿ ನನ್ನದೇ ಕೊನೆಯ ಮಾತು, ಅದು ಹೋದೀತೆಂಬ ಹೆದರಿಕೆಯೋ… ಅವಳು ಕುರ್ಚಿ ಏರಿದ ದಿನ ನಾನಿನ್ನೂ ನೆಲದಲ್ಲೇ ಇರುತ್ತೇನೆ ಎಂದೋ… ಬೇಡ. ಕಾರಣ ಹುಡುಕುತ್ತ ಹೋದರೆ ಅದೂ ಒಂದು ನೆಪವೇ ಆಗುತ್ತದೆ.

ಮೊನ್ನೆ ಕುಷಾಯಿಗೂಡದ ಅವಳ ಮನೆಗೆ ಹೋಗಿದ್ದೆ. ಅವಳ ಮಗಳು ಅದೇ ಪಾಠ ತೆರೆದು ಕೂತಿದ್ದಳು. ರೇಣುಕಾ ಅಡುಗೆಮನೆಯಿಂದಲೇ ಕೂಗಿದಳು: "ನನ್ನ ಕೇಳಬ್ಯಾಡ ತಾಯಿ, ನನ್ನ ತಲಿ ಮೊದಲಿಂದ ಹಂಗ. ಮಾಮಾನ್ನ ಕೇಳು."

ಚಹಾ ಕುಡಿದು ಎದ್ದು ಬಂದೆ. ಮೊನ್ನೆಯೂ ಹೇಳಲಿಲ್ಲ.

ಈ ಭಾನುವಾರ ಮತ್ತೆ ಹೋಗುತ್ತೇನೆ. ಅವಳ ಮನೆಯ ಚೌಕ ಟೈಲ್ಸ್ ನಾನೇ ಹಾಕಿದವು. ಮಗಳಿಗಲ್ಲ, ರೇಣುಕಾಗೆ ಅಡುಗೆಮನೆಯಿಂದ ಹೊರಗೆ ಬಾ ಎನ್ನುತ್ತೇನೆ. ನನ್ನ ಮಂಡಿಗಳು ಈಗ ಸುಲಭಕ್ಕೆ ಬಾಗುವುದಿಲ್ಲ. ಆದರೂ ಅವಳೆದುರು ನೆಲಕ್ಕೆ ಕೂತು, ಅವಳ ಲೆಕ್ಕದ ಗೆರೆಗೆ ನನ್ನ ಮೈನಸ್ ಎರಡರ ಗೆರೆಯನ್ನೂ ಸರ್ ಹೇಳಿದ ಮೈನಸ್ ಅರ್ಧದ ಗೆರೆಯನ್ನೂ ಎಳೆದು, ಮಟ್ಟವನ್ನು ಅವಳ ಕೈಗೇ ಕೊಡುತ್ತೇನೆ. ಅವಳೇ ಇಟ್ಟು ನೋಡಲಿ. ಆಮೇಲೆ ನನ್ನ ಮುಖ ನೋಡುತ್ತಾಳಲ್ಲ — ಆಗ ನಾನು ತಲೆ ತಗ್ಗಿಸಬಾರದು.