ಕೆಂಚನ ಬಾಯಿಗೆ ನಾನಿಟ್ಟ ಕೈ

ಶಾರದೆ, ಮಾರಮ್ಮನ ವಿಗ್ರಹದ ಕೈ ಹಾಳು ಮಾಡಿದ್ದು ನಿಮ್ಮ ನಾಯಿ ಕೆಂಚ ಅಲ್ಲ. ನಾನು, ನಿನ್ನ ಚಿಕ್ಕಮ್ಮ. ಉಳಿ ಹಿಡಿದು ಅಮ್ಮನ ಬೆರಳು ಮುರಿದವಳು ನಾನು. ಮುರಿದ ಕೈಯನ್ನು ಕೆಂಚನ ಬಾಯಿಗೆ ಇಟ್ಟವಳು ನಾನು. ನಿಮ್ಮಪ್ಪ ಕೇಳಿದಾಗ ನಾಯಿಯ ಕಡೆ ಕೈ ತೋರಿಸಿದವಳೂ ನಾನೇ. ಆಮೇಲೆ ನಡೆದದ್ದನ್ನು ನೀನು ಕಣ್ಣಾರೆ ಕಂಡೆ. ಅದಕ್ಕೆ ಮುಂಚೆ ಏನಾಯಿತು ಎಂಬುದನ್ನು ಮಾತ್ರ ಇಷ್ಟು ವರ್ಷ ಮುಚ್ಚಿಟ್ಟೆ. ಈಗ ಪೂರ್ತಿ ಕೇಳು. ಕೇಳಿದ ಮೇಲೆ ನಿನ್ನಿಷ್ಟ.

ನನ್ನ ನಾಲಿಗೆ ಎಷ್ಟು ಉದ್ದ ಎಂಬುದು ಸೊರಬದ ನಮ್ಮ ಬೀದಿಗೆಲ್ಲ ಗೊತ್ತು. ಜಗಳಕ್ಕೆ ನಿಂತು ನಾನು ಸೋತವಳಲ್ಲ. ಅಳತೆಯಲ್ಲಿ ಮೋಸ ಮಾಡಿದ ಎಣ್ಣೆಯವನನ್ನು ನಡುಬೀದಿಯಲ್ಲಿ ನಿಲ್ಲಿಸಿ ನೀರಿಳಿಸಿದ್ದೇನೆ. ಅಂಥ ನಾಲಿಗೆ ಈ ಒಂದು ಮಾತಿಗೆ ಬಂದಾಗ ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೂ ಧೈರ್ಯ ಮಾಡಲಿಲ್ಲ.

ಕೆಂಚನನ್ನು ಮೋರಿಯ ಪಕ್ಕದಿಂದ ಲಂಗದಲ್ಲಿ ಸುತ್ತಿಕೊಂಡು ತಂದವಳು ನೀನು. ಹಾಲು ಹಾಕಿದವಳು, ಮೈಯ ಉಣ್ಣೆಹುಳ ಕಿತ್ತವಳು ನೀನು. ಆದರೆ ಅದು ಹೋಗಿ ಅಂಟಿಕೊಂಡದ್ದು ನಿಮ್ಮಪ್ಪನಿಗೆ. ಬೆಳಗ್ಗೆ ಅವರು ಕೆಲಸದ ಜಗಲಿಯಲ್ಲಿ ಚಾಪೆ ಹಾಸಿದರೆ ಸಾಕು, ಅವರ ಮೊಣಕಾಲಿಗೆ ಬೆನ್ನು ಒತ್ತಿಕೊಂಡು ಮಲಗುತ್ತಿತ್ತು. ಉಳಿಗೆ ಹೊಡೆಯುವ ಕೊಡತಿಯ ಪೆಟ್ಟು ಕಿವಿಯ ಪಕ್ಕದಲ್ಲೇ ಬೀಳುತ್ತಿದ್ದರೂ ಕಣ್ಣು ಬಿಡುತ್ತಿರಲಿಲ್ಲ. ಪೆಟ್ಟು ನಿಂತಾಗ ಮಾತ್ರ ತಲೆ ಎತ್ತಿ ಅವರ ಮುಖ ನೋಡುತ್ತಿತ್ತು. ಗಂಧದ ಚಕ್ಕೆಯಲ್ಲಿ ಹೊರಳಿ ಹೊರಳಿ ಅದರ ಮೈಯೆಲ್ಲ ಗಂಧ. ಬೀದಿನಾಯಿಗಳು ಮೂಸಿ ನೋಡಿ, ಇದ್ಯಾವ ಕುಲದ್ದೋ ಎಂದು ಹಿಂದೆ ಸರಿಯುತ್ತಿದ್ದವು. ನೆನಪಿದೆಯಾ, ಮಾರಮ್ಮನ ಮುಖ ಕಡೆದಾಗಲೆಲ್ಲ ನಿಮ್ಮಪ್ಪ ಅದನ್ನು ಮೊದಲು ಕೆಂಚನ ಮುಂದೆ ಹಿಡಿಯುತ್ತಿದ್ದರು. ಬೊಗಳಿದರೆ ‘ಕಳೆ ಬಂತು’ ಎಂದು ಉಳಿ ಕೆಳಗಿಡುವರು. ಬಾಲ ಅಲ್ಲಾಡಿಸಿದರೆ ‘ಇನ್ನೂ ನಮ್ಮನೆಯವಳ ಹಂಗೇ ಕಾಣ್ತಾಳೆ, ಮಾರಿ ಆಗಿಲ್ಲ’ ಎಂದು ನಗುತ್ತ ಹುಬ್ಬನ್ನು ಇನ್ನೊಂದಿಷ್ಟು ಕೊರೆಯುವರು. ಅಡಿಗೆಮನೆಯಿಂದ ನಿಮ್ಮಮ್ಮ ಬಯ್ಯುವುದು ಜಗಲಿಗೆ ಕೇಳುತ್ತಿತ್ತು.

ನನಗೆ ಆ ಜಗಲಿಯ ಮೇಲೆ ಹೊಟ್ಟೆಕಿಚ್ಚು. ಇದನ್ನೂ ಹೇಳಬೇಕು. ನನ್ನ ತವರಿನಲ್ಲಿ ಗಂಡುಮಕ್ಕಳಿರಲಿಲ್ಲ. ನಮ್ಮಪ್ಪ ನನ್ನ ಕೈಗೇ ಉಳಿ ಕೊಟ್ಟು ಕೂರಿಸಿಕೊಳ್ಳುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಕಟ್ಟಳೆ ಬೇರೆ — ಉಳಿ ಗಂಡಸರದ್ದು, ಹೆಂಗಸರಿಗೆ ಬೆಂಡಿನ ಹೂವು, ಮದುವೆಯ ಬಾಸಿಂಗ. ಬೆಂಡು ಕತ್ತರಿಸುತ್ತ ಕೂತು ನಿಮ್ಮಪ್ಪನ ಕೈಯನ್ನೇ ನೋಡುತ್ತಿದ್ದೆ. ಅವರು ತಪ್ಪಿದಾಗ ನನಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಹೇಳುವಂತಿರಲಿಲ್ಲ, ಅವರ ತಮ್ಮನ ಹೆಂಡತಿ ನಾನು, ಭಾವನ ಎದುರು ತಲೆ ಎತ್ತಿ ನಿಲ್ಲುವುದೇ ಹೆಚ್ಚು.

ಆ ದಿನ ತಾಳಗುಂದದ ಕಡೆಯ ಊರಿನ ಗೌಡರು ಗಾಡಿ ಕಟ್ಟಿಸಿಕೊಂಡು ಅಮ್ಮನನ್ನು ಒಯ್ಯಲು ಬಂದಿದ್ದರು. ಬೆಳಗ್ಗೆ ಪೂಜೆ ಮಾಡಿ ನಿಮ್ಮಪ್ಪ ಅಮ್ಮನಿಗೆ ಕಣ್ಣು ಬರೆದಿದ್ದರು. ಕಣ್ಣು ಬರೆದ ಮೇಲೆ ಅದು ಹಲಸಿನ ಮರವಲ್ಲ, ಅಮ್ಮ. ಬಲಗೈ ಒಂದು ಬೇರೆಯಾಗಿ ಕಡೆದದ್ದು, ಗೂಟ ಹಾಕಿ ಕೂರಿಸುವುದು ಬಾಕಿ ಇತ್ತು. ಊಟ ಮುಗಿಸಿ ಕೂರಿಸೋಣ ಎಂದು ಅದನ್ನು ಮಣೆಯ ಮೇಲೆ ಇಟ್ಟು ಎಲ್ಲರೂ ಒಳಗೆ ಹೋದರು. ನಿನ್ನ ಚಿಕ್ಕಪ್ಪ ಸಾಗರಕ್ಕೆ ಹೋಗಿದ್ದರು.

ನಾನು ಹೊರಗೆ ಕೂತಿದ್ದೆ. ಮುಟ್ಟಾಗಿ ಎರಡನೆಯ ದಿನ. ಜಗಲಿಯ ಪಕ್ಕದ ಕಟ್ಟಿಗೆಯ ಮಾಡಿನಲ್ಲಿ ನನ್ನ ಚಾಪೆ, ನನ್ನ ತಟ್ಟೆ. ‘ಅಮ್ಮ ಹೋಗೋವರೆಗೂ ನೆರಳು ಕೂಡ ಈ ಕಡೆ ಬೀಳ್ಸಬ್ಯಾಡ’ ಎಂದು ನಿಮ್ಮಮ್ಮ ಹೇಳಿ ಹೋಗಿದ್ದಳು. ಆ ದಿನಗಳಲ್ಲಿ ನನ್ನನ್ನು ಮುಟ್ಟುತ್ತಿದ್ದುದು ಒಂದು ಕೆಂಚ. ಅದಕ್ಕೆ ಮೈಲಿಗೆಯಿಲ್ಲವಲ್ಲ. ಜಗಲಿಯಿಂದ ಇಳಿದು ಬಂದು ನನ್ನ ತೊಡೆಯ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು. ಮತ್ತೆ ಎದ್ದು ನಿಮ್ಮಪ್ಪನ ಹತ್ತಿರ ಹೋಗುತ್ತಿತ್ತು. ತಿಂಗಳು ತಿಂಗಳೂ ಹಾಗೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ — ಇಂಥ ಪ್ರಾಣಿಗೆ ನಾನು ಮಾಡಿದ್ದು ಎಂಥದು ಎಂಬುದು ನಿನಗೆ ಸರಿಯಾಗಿ ಗೊತ್ತಾಗಲಿ ಎಂದು.

ಬೆಳಗಿನಿಂದ ಆ ಕೈಯನ್ನು ನೋಡುತ್ತಿದ್ದೆ. ಕಿರುಬೆರಳು ದಪ್ಪವಾಗಿತ್ತು. ಉಳಿದ ಬೆರಳುಗಳೆಲ್ಲ ಅಮ್ಮನವು, ಅದೊಂದು ಗದ್ದೆ ಕೆಲಸದವನದು. ಇಷ್ಟೇ ಇಷ್ಟು ತೆಗೆದರೆ ಸಾಕು, ಯಾರಿಗೂ ತಿಳಿಯುವುದಿಲ್ಲ, ಅಮ್ಮ ಚೆಂದ ಕಾಣುತ್ತಾಳೆ — ಹಾಗೆಂದುಕೊಂಡೆ. ಸುಳ್ಳು. ಅಮ್ಮ ಚೆಂದ ಕಾಣಲಿ ಎಂದಲ್ಲ. ಊರವರು ಕೈಮುಗಿಯುವ ಆ ಕೈಯಲ್ಲಿ ನನ್ನದೂ ಒಂದು ಏಟು ಇರಲಿ ಎಂದು. ಮುಟ್ಟು, ಮಡಿ, ನೆರಳು ಎಲ್ಲವನ್ನೂ ಮರೆತು — ಮರೆತೂ ಅಲ್ಲ, ಗೊತ್ತಿದ್ದೇ, ಜಿದ್ದಿಗೆ — ಜಗಲಿ ಹತ್ತಿದೆ. ಸಣ್ಣ ಉಳಿ ತೆಗೆದುಕೊಂಡೆ. ಮೊದಲ ಏಟು ಸರಿಯಾಗಿಯೇ ಬಿತ್ತು. ಎರಡನೆಯದಕ್ಕೆ ಕಿರುಬೆರಳೂ ಅದರ ಪಕ್ಕದ ಬೆರಳೂ ಬುಡದಲ್ಲೇ ಸಿಡಿದು ಚಕ್ಕೆಯೊಳಗೆ ಬಿದ್ದವು.

ಒಳಗೆ ಮಜ್ಜಿಗೆ ಬಡಿಸುತ್ತಿದ್ದರು. ನನ್ನ ಪಕ್ಕದಲ್ಲಿ ಕೆಂಚ ನಿಂತಿತ್ತು.

ಅದು ಮರ ಕಚ್ಚುವ ನಾಯಿಯಲ್ಲ ಶಾರದೆ. ಮಣೆಯ ಮೇಲಿನ ಒಂದು ಚೂರನ್ನೂ ಅದು ಯಾವತ್ತೂ ಮುಟ್ಟಿದ್ದಿಲ್ಲ. ಕೈಯನ್ನು ಅದರ ಮೂತಿಗೆ ಹಿಡಿದು ‘ತಗೋ’ ಎಂದೆ. ಮುಖ ತಿರುಗಿಸಿತು. ಗದರಿದೆ. ಬಾಲ ಮಡಚಿಕೊಂಡಿತು. ಆಗ ಅದರ ದವಡೆಯನ್ನು ಎರಡೂ ಕೈಯಿಂದ ಅಗಲಿಸಿ, ಮುರಿದ ಕಡೆಯನ್ನು ಬಾಯೊಳಗೆ ತುರುಕಿ, ಹಲ್ಲು ಮರಕ್ಕೆ ಇಳಿಯುವ ಹಾಗೆ ಮೇಲಿನಿಂದ ಒತ್ತಿದೆ. ಕುಂಯ್ ಎಂದಿತು. ಕಚ್ಚಲಿಲ್ಲ. ಕಚ್ಚಿದ್ದರೆ ನನ್ನ ಕೈಯಲ್ಲಿ ಗುರುತಾದರೂ ಇರುತ್ತಿತ್ತು. ನಾನು ಬಿಟ್ಟ ಮೇಲೂ, ನಾನು ಕೊಟ್ಟದ್ದೆಂದು, ಆ ಕೈಯನ್ನು ಬಾಯಲ್ಲೇ ಹಿಡಿದುಕೊಂಡು ನಿಂತಿತು. ನಾನು ಹೋಗಿ ಕಟ್ಟಿಗೆಯ ಮಾಡಿನಲ್ಲಿ ಕೂತೆ.

ಮೊದಲು ಹೊರಗೆ ಬಂದವರು ಗೌಡರು. ‘ಏನ್ರೀ ಗುಡಿಗಾರ್ರೆ! ಕಣ್ಣು ಬಿಟ್ಟ ಅಮ್ಮನ ಕೈ ನಾಯಿ ಬಾಯಾಗೆ ಐತಲ್ರೀ! ಇದನ್ನ ನಾ ಊರಿಗೆ ಹೆಂಗ ಒಯ್ಯಲಿ?’ ಎಂದು ಕೂಗಿದರು. ಭಿನ್ನವಾದ ಮಾರಿ, ಅವಳನ್ನು ಕಡೆದವನ ಮನೆಯಲ್ಲೂ ಹೆಣ ಬೀಳಿಸುತ್ತಾಳೆ, ಒಯ್ದ ಊರಿನಲ್ಲೂ ಬೀಳಿಸುತ್ತಾಳೆ. ಅದನ್ನು ನಂಬದವರು ಆ ಜಗಲಿಯಲ್ಲಿ ಯಾರೂ ಇರಲಿಲ್ಲ, ನಾನೂ ಸೇರಿ.

ನಿಮ್ಮಪ್ಪ ಕೈತೊಳೆದ ನೀರು ಒರೆಸಿಕೊಳ್ಳದೆ ಓಡಿ ಬಂದರು. ನೋಡಿದರು. ಆಗಲೂ ಅವರು ಸಿಟ್ಟಾಗಲಿಲ್ಲ, ಅದು ನಿನಗೆ ಗೊತ್ತಿಲ್ಲ. ನೀನು ಇನ್ನೂ ಒಳಗಿದ್ದೆ. ‘ಇದು ಮರ ಮುಟ್ಟೋ ನಾಯಿ ಅಲ್ಲ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ನೀ ಅಲ್ಲೇ ಕೂತಿದ್ಯಲ್ಲ ಮಾರಾಯ್ತಿ, ಕಂಡ್ಯಾ?’ ಎಂದರು.

‘ಕಂಡೆ ಭಾವ. ಕೆಂಚನೇ ಎಳ್ಕಂಡು ಹೋತು. ನಾ ಹಚಾ ಹಚಾ ಅಂದೆ, ಕೇಳ್ಲಿಲ್ಲ.’

ಹಚಾ ಅಂದೆ ಎಂಬುದನ್ನು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದೆ. ಸುಳ್ಳಿಗೆ ಒಗ್ಗರಣೆ ಹಾಕಿದೆ.

‘ಕೆಂಚಾ, ಬಾ’ ಎಂದು ನಿಮ್ಮಪ್ಪ ಕರೆದರು. ಅದು ಬಂತು. ಬಾಲ ಅಲ್ಲಾಡಿಸುತ್ತ ಬಂದು ಆ ಕೈಯನ್ನು ಅವರ ಪಾದದ ಹತ್ತಿರ ಇಟ್ಟು ಮುಖ ನೋಡಿತು. ಅವರು ಕೊಡತಿ ಎತ್ತಿದರು. ಮೊದಲ ಪೆಟ್ಟು ಸೊಂಟಕ್ಕೆ ಬಿತ್ತು. ಹಿಂಗಾಲು ಎರಡೂ ಹೋದವು. ಓಡಲಿಲ್ಲ ಅದು, ತೆವಳಿಕೊಂಡು ಅವರ ಕಾಲಿಗೇ ಬಂತು. ಅದೇ ಅವರಿಗೆ ಹುಚ್ಚು ಹಿಡಿಸಿತೋ ಏನೋ. ಬೆನ್ನು, ಪಕ್ಕೆ, ಮೂತಿ ಎಂದು ನೋಡದೆ ಹೊಡೆದರು. ಪಕ್ಕೆಲುಬು ಮುರಿದ ಸದ್ದು ಒಣಕಟ್ಟಿಗೆ ಮುರಿದಂತೆ ಕೇಳಿತು. ಹಲ್ಲುಗಳು ಚಕ್ಕೆಯಲ್ಲಿ ಬಿದ್ದಿದ್ದವು. ನೀನು ಓಡಿ ಬಂದು ‘ಅಪ್ಪಾ, ಬ್ಯಾಡಪ್ಪಾ, ನಿನ್ ಕಾಲಿಗೆ ಬೀಳ್ತೀನಿ’ ಎಂದು ಅವರ ತೋಳಿಗೆ ಜೋತುಬಿದ್ದೆ. ಅವರು ತೋಳು ಕೊಡವಿದ ರಭಸಕ್ಕೆ ಕಂಬಕ್ಕೆ ಬಡಿದು ಹಣೆ ಒಡೆದುಕೊಂಡೆ. ಅದೂ ಅವರ ಕಣ್ಣಿಗೆ ಬೀಳಲಿಲ್ಲ.

ನೀನು ಕಂಬದ ಬುಡದಲ್ಲಿ ಬಿದ್ದಿದ್ದಾಗ ಕೆಂಚ ಜಗಲಿಯಿಂದ ಕೆಳಗೆ ಉರುಳಿತು. ಉರುಳಿ, ಮುಂಗಾಲಿನಲ್ಲಿ ಮೈ ಎಳೆದುಕೊಂಡು ನನ್ನ ಚಾಪೆಯ ಹತ್ತಿರ ಬಂತು. ಗದ್ದ ಇಡಲು ನನ್ನ ತೊಡೆ ಹುಡುಕಿತು. ದವಡೆ ಜೋತಾಡುತ್ತಿತ್ತು, ರಕ್ತ ನನ್ನ ಸೀರೆಗೆ ಹತ್ತಿತು. ನಾನು ಕಾಲಿನಿಂದ ಅದನ್ನು ಆಚೆ ತಳ್ಳಿದೆ ಶಾರದೆ. ನಿಮ್ಮಪ್ಪ ಇಳಿದು ಬಂದು ತಲೆಯ ಮೇಲೆ ಹೊಡೆದರು. ಅಲ್ಲಿಗೆ ಮುಗಿಯಿತು.

ಅವರು ಬೇರೆ ಮರ ತೆಗೆದು ಹೊಸ ಕೈ ಕಡೆದರು. ಶಾಂತಿ ಮಾಡಿಸಿ ಗೌಡರು ಅಮ್ಮನನ್ನು ಒಯ್ದರು. ನಾಲ್ಕನೆಯ ದಿನ ನಾನು ತಲೆಗೆ ನೀರು ಹಾಕಿಕೊಂಡು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ನಿಮ್ಮಪ್ಪ ಬಂದು ಆ ಮುರಿದ ಕೈಯನ್ನು ನನ್ನೆದುರು ಇಟ್ಟರು. ಸೀಳಿದ ಕಡೆ ಹಲ್ಲಿನ ಗುರುತು; ಅದರ ಅಡಿಯಲ್ಲಿ, ಬೆರಳಿನ ಬುಡದಲ್ಲಿ, ಉಳಿ ಇಳಿದ ನುಣ್ಣನೆಯ ಗೆರೆ. ಮರದ ಮೇಲೆ ಉಳಿ ಯಾವುದು, ಹಲ್ಲು ಯಾವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೊಡತಿ ಎತ್ತುವ ಮುಂಚೆ ಒಂದು ಸಲ ಬಗ್ಗಿ ನೋಡಿದ್ದರೆ ಸಾಕಿತ್ತು.

ನನ್ನನ್ನು ಕೊಲ್ಲುತ್ತಾರೆ ಎಂದುಕೊಂಡೆ. ಅವರು, ‘ಕಿರುಬೆರಳು ದಪ್ಪ ಇತ್ತು. ನೀ ಕಂಡಿದ್ದು ಸರಿ’ ಎಂದರು. ಆಮೇಲೆ, ‘ಯಾರಿಗೂ ಹೇಳಬ್ಯಾಡ. ಹೊರಗಿದ್ದೋಳು ಅಮ್ಮನ ಮುಟ್ಟಿದ್ಲು ಅಂತ ಗೊತ್ತಾದ್ರೆ ನಿನ್ನ ಈ ಮನೇಲಿ ಯಾರೂ ಇಟ್ಕಳಲ್ಲ. ಹೊಡೆದೋನು ನಾನು’ ಎಂದು ಹೇಳಿ, ಆ ಕೈಯನ್ನು ಬಚ್ಚಲ ಒಲೆಗೆ ಹಾಕಿ ಹೋದರು. ಹೇಳಬ್ಯಾಡ ಎಂದರೆ ಹೇಳದಿರುವುದು ಎಷ್ಟು ಸುಲಭವಾಯಿತು ನನಗೆ! ನೀನು ಅಪ್ಪನ ಹತ್ತಿರ ಮಾತು ಬಿಟ್ಟದ್ದನ್ನು ನೋಡಿದೆ. ಅವರು ಕೂತ ಪಂಕ್ತಿಯಿಂದ ನೀನು ಎದ್ದು ಹೋಗುವುದನ್ನು ನೋಡಿದೆ. ಮರುವರ್ಷ ಮದುವೆಯಾಗಿ ಶಿಕಾರಿಪುರಕ್ಕೆ ಹೊರಟಾಗ ಎಲ್ಲರ ಕಾಲಿಗೂ ಬಿದ್ದೆ, ಅವರದೊಂದು ಬಿಟ್ಟು. ನನ್ನ ಕಾಲಿಗೂ ಬಿದ್ದೆ. ನಾನು ಅಕ್ಷತೆ ಹಾಕಿದೆ.

ಇನ್ನು ಉಳಿದದ್ದು ಇದಕ್ಕಿಂತ ಕೆಟ್ಟದ್ದು.

ಅವರಿಗೆ ಕಾಮಾಲೆ ಏರಿ ಹಾಸಿಗೆ ಹಿಡಿದಾಗ ನಾನು ಶಿಕಾರಿಪುರಕ್ಕೆ ನಿನ್ನ ಮನೆಗೆ ಬಂದೆನಲ್ಲ, ನಾನಾಗಿ ಬಂದದ್ದಲ್ಲ. ನಿಮ್ಮಪ್ಪ ಕಳಿಸಿದ್ದು. ‘ಇಷ್ಟು ದಿನ ಹೇಳಬ್ಯಾಡ ಅಂದಿದ್ದೆ. ಈಗ ಶಾರದೆಗೆ ಒಬ್ಬಳಿಗೆ ಹೇಳು. ಹೊಡೆದಿದ್ದು ತಪ್ಪೇ. ಆದ್ರೆ ಸುಮ್ಮಸುಮ್ಮನೆ ಹೊಡೆದಿದ್ದಲ್ಲ ಅಂತ ಅವಳಿಗೆ ಗೊತ್ತಾಗ್ಲಿ. ಒಂದ್ಸಲ ಬಂದು ಹೋಗ್ಲಿ’ ಎಂದು ನನ್ನ ಎದುರು ಕೈಮುಗಿದರು. ಭಾವ, ತಮ್ಮನ ಹೆಂಡತಿಗೆ.

ನೀನು ಚಾಪೆ ಹಾಕಿದೆ, ಮಜ್ಜಿಗೆ ಕೊಟ್ಟೆ. ನಿನ್ನ ಅತ್ತೆ ‘ಚಿಗವ್ವ ಬಂದಾರ, ಮಾತಾಡ್ರಿ’ ಎಂದು ಎದ್ದು ಒಳಗೆ ಹೋದರು. ನಾವಿಬ್ಬರೇ ಇದ್ದೆವು. ಹೇಳಬಹುದಿತ್ತು. ನಾನು, ‘ನಿಮ್ಮಪ್ಪಗೆ ಹುಷಾರಿಲ್ಲ, ನಿನ್ನ ಕರೀತಿದಾರೆ’ ಎಂದಷ್ಟೇ ಹೇಳಿದೆ. ನೀನು ನೆಲ ನೋಡುತ್ತ, ‘ಅವ್ರು ಕರೆದಾಗ ಕೆಂಚ ಬಂತು ಚಿಕ್ಕಮ್ಮ. ನಾ ಬರಲ್ಲ’ ಎಂದೆ. ನಾನು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ. ನಿನ್ನ ಕಣ್ಣಿನಲ್ಲಿ ನನ್ನ ಬಗ್ಗೆ ಇದ್ದ ವಿಶ್ವಾಸ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಬಸ್ಸು ಹತ್ತಿದೆ.

ಸೊರಬಕ್ಕೆ ಬಂದಾಗ ಅವರು ಗೋಡೆಗೆ ಒರಗಿ ಎದ್ದು ಕೂತಿದ್ದರು. ಮೈಯೆಲ್ಲ ಅರಿಶಿನ. ನನ್ನ ಬೆನ್ನ ಹಿಂದೆ ನೀನು ಇದ್ದೀಯೋ ಎಂದು ಬಾಗಿಲು ನೋಡಿದರು.

‘ಹೇಳಿದ್ಯಾ?’

‘ಹೇಳಿದೆ ಭಾವ.’

‘ಎಲ್ಲಾ?’

‘ಎಲ್ಲಾ.’

‘ಏನಂದ್ಲು?’

‘ಬರಲ್ಲ ಅಂದ್ಲು.’

‘ಎಲ್ಲಾ ಕೇಳಿದ ಮೇಲೂ?’

ಅಲ್ಲಿಯಾದರೂ ನಿಲ್ಲಿಸಬಹುದಿತ್ತು. ಕಾಲು ಹಿಡಿದು, ಇಲ್ಲ ಭಾವ, ನಾನು ಬಾಯಿ ಬಿಡಲಿಲ್ಲ, ನಾಳೆ ಬೆಳಗಿನ ಬಸ್ಸಿಗೆ ಮತ್ತೆ ಹೋಗುತ್ತೇನೆ ಎನ್ನಬಹುದಿತ್ತು. ‘ಹೂಂ’ ಎಂದೆ.

‘ಸರಿ ಬಿಡು’ ಎಂದು ಅವರು ಗೋಡೆಯ ಕಡೆ ಮಗ್ಗುಲಾದರು. ಆಮೇಲೆ ನೀರು ಕೇಳಿದರು, ನಿಮ್ಮಮ್ಮನನ್ನು ಕೇಳಿದರು, ನಿನ್ನ ಹೆಸರು ಎತ್ತಲಿಲ್ಲ.

ಕ್ಷಮಿಸು ಎಂದು ಕೇಳುವ ಬಾಯಿ ನನಗಿಲ್ಲ. ಈ ಸಲ ಅವರ ತಿಥಿಗೆ ಮನೆಯವರೆಲ್ಲ ಸೇರಿದಾಗ ಇದನ್ನೆಲ್ಲ ಎಲ್ಲರೆದುರು ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಮೊದಲು ನಿನಗೆ ಗೊತ್ತಾಗಬೇಕು. ನೀನು ಏನೂ ತಿಳಿಯದೆ ದೂರ ಉಳಿದವಳು. ಆದರೆ ನಿಮ್ಮಪ್ಪ ಕಣ್ಣು ಮುಚ್ಚಿದ್ದು, ಎಲ್ಲ ತಿಳಿದ ಮೇಲೂ ಮಗಳು ಬರಲಿಲ್ಲ ಎಂದುಕೊಂಡೇ.